ಅವನ ಕೈಗೆ ತೆರೆಯದ ಕೋವಿ

ದೃಷ್ಟಿ ತಾಗುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ನಮ್ಮ ಮನೆಯಾಕೆ ಮಕ್ಕಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಾಗಲೆಲ್ಲ, "ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ನಾನು ಸ್ಕ್ರೂಡ್ರೈವರ್ ಎಂತಕ್ಕೆ ಹಿಡೀಬೇಕಿತ್ತು?" ಎಂದು ಛೇಡಿಸುತ್ತಿದ್ದೆ. ಕೊಪ್ಪದಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ನಿಂತುಹೋದ ಗಡಿಯಾರಕ್ಕೆ ಕಾರಣ ಇದ್ದೇ ಇರುತ್ತದೆ. ಧೂಳೋ, ಒಣಗಿದ ಎಣ್ಣೆಯೋ, ಸೋತ ಸ್ಪ್ರಿಂಗೋ, ಮುಚ್ಚಳ ಬಿಚ್ಚಿದರೆ ಸಿಗುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಬಿಚ್ಚಿ ನೋಡಿಯೂ ಕಾರಣ ಸಿಗದ ವಸ್ತು ಒಂದೇ ಒಂದು. ಅದರ ವಿಷಯ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಮರ್ಯಾದೆ ಹೆಚ್ಚಿಸುವಂಥದ್ದು ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸೀತೂರಿನ ನಾಗೇಶ ನನ್ನ ಶಾಲೆಯ ದಿನಗಳ ಗೆಳೆಯ. ಗದ್ದೆಯೂ ಒಂದಿಷ್ಟು ಕಾಫಿಯೂ ಇದ್ದ ಕುಳ. ಅವನ ಬಳಿ ಮೂರು ಕೋವಿಗಳಿದ್ದವು. ಅಜ್ಜನ ಕಾಲದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಒಂದು, ಒಂಟಿ ನಳಿಗೆಯದೊಂದು, ತೀರಿಹೋದ ದೊಡ್ಡಪ್ಪನಿಂದ ಬಂದ ಜೋಡಿ ನಳಿಗೆಯದೊಂದು. ನಾಗೇಶ ಬೇಟೆಗಾರನೇನಲ್ಲ. ಗದ್ದೆಗೆ ಹಂದಿ ಬಂದರೆ ಆಕಾಶಕ್ಕೆ ಒಂದು ಗುಂಡು ಹೊಡೆದು ಮಲಗುವವನು. ಅವನ ಸುಖವಿದ್ದದ್ದು ಭಾನುವಾರದ ಬೆಳಗಿನಲ್ಲಿ. ತಿಂಡಿ ತಿಂದು ಜಗಲಿಯ ಮೇಲೆ ಚಾಪೆ ಹಾಸಿ, ಮೂರನ್ನೂ ಸಾಲಾಗಿ ಮಲಗಿಸಿ, ಹಳೆಯ ಪಂಚೆಯ ತುಂಡಿಗೆ ಎಣ್ಣೆ ಅದ್ದಿ ಒರೆಸುತ್ತ ಕೂರುತ್ತಿದ್ದ. ನಾನು ಬಸ್ಸು ಹತ್ತಿ ಹೋಗಿ ಅವನ ಎದುರು ಕೂರುತ್ತಿದ್ದೆ. ಗಂಟೆಗಟ್ಟಲೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಆ ಜೋಡಿ ನಳಿಗೆಯ ಕೋವಿಯನ್ನು ನೀವು ನೋಡಬೇಕಿತ್ತು. ಪಕ್ಕದ ಉಕ್ಕಿನ ಮೇಲೆ ಹುಲ್ಲಿನೊಳಗಿಂದ ಹಾರುವ ಎರಡು ಹಕ್ಕಿಗಳನ್ನು ಕೊರೆದಿದ್ದರು. ಮೇಲಿನ ಕೀಲನ್ನು ಹೆಬ್ಬೆರಳಿನಿಂದ ಬಲಕ್ಕೆ ತಳ್ಳಿದರೆ ನಳಿಗೆಗಳು ಮೆತ್ತಗೆ ಬಾಗಿ ಬಾಯಿ ತೆರೆಯುತ್ತಿದ್ದವು. ಮುಚ್ಚುವಾಗ ಒಳ್ಳೆಯ ಕೈಗಡಿಯಾರದ ಮುಚ್ಚಳ ಕೂತಂಥ ಸದ್ದು. ಒರೆಸಿ ಮುಗಿದ ಮೇಲೆ ನಾಗೇಶ ಅದನ್ನು ತೆರೆದು ಬೆಳಕಿಗೆ ಹಿಡಿದು, ನಳಿಗೆಯೊಳಗೆ ಒಂದು ಕಣ್ಣಿಟ್ಟು, "ಆಹಾ, ಕನ್ನಡಿ ಮಾರಾಯ" ಎನ್ನುತ್ತಿದ್ದ. ಪ್ರತಿ ವಾರವೂ ಅದೇ ಮಾತು.

ಉಳಿದೆರಡನ್ನು ಒರೆಸಲು ನನಗೆ ಕೊಡುತ್ತಿದ್ದ. ಜೋಡಿ ನಳಿಗೆಯದನ್ನು ಮಾತ್ರ ಕೊಡುತ್ತಿರಲಿಲ್ಲ. "ಅದೊಂದು ನಾನೇ ಮಾಡ್ತೆ" ಎಂದು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ನಾನೂ ಕೇಳಲಿಲ್ಲ. ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಹೊಟ್ಟೆ ಉರಿಸಿಕೊಳ್ಳುವುದೇ ಮೇಲು ಎನ್ನುವ ಜಾತಿ ನನ್ನದು.

ಉರಿಯುತ್ತಿದ್ದದ್ದು ನಿಜ. ಸ್ವಂತಕ್ಕೊಂದು ಕೋವಿ ಬೇಕೆಂದು ನಾನು ಎರಡು ಸಲ ಅರ್ಜಿ ಹಾಕಿದ್ದೆ. "ಬೆಳೆ ರಕ್ಷಣೆಗೆ ಅಂತ ಬರ್ದಿದೀರಿ. ಪಹಣಿ ಎಲ್ಲಿ?" ಎಂದು ಗುಮಾಸ್ತರು ಕೇಳಿದರು. ನನ್ನ ಬೆಳೆಯೆಂದರೆ ಬಾಡಿಗೆ ಮನೆಯ ಹಿಂದಿನ ಒಂದು ಕರಿಬೇವಿನ ಗಿಡ. ಅರ್ಜಿ ಎರಡು ಸಲವೂ ವಾಪಸು ಬಂತು. ಆ ಕೀಲಿನ ಒಳಗೆ ಯಾವ ಸ್ಪ್ರಿಂಗು ಎಲ್ಲಿ ಕೂತು ಏನು ಮಾಡುತ್ತದೆಂದು ನಾನು ಹೊರಗಿನಿಂದ ನೋಡಿಯೇ ಹೇಳಬಲ್ಲೆ. ನಾಗೇಶನಿಗೆ ಒಂದು ಸ್ಕ್ರೂ ನೆಟ್ಟಗೆ ತಿರುಗಿಸಲು ಬಾರದು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಬಸ್ಸಿನಲ್ಲಿ ಬರುವಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ.

ಎರಡು ಸಾವಿರದ ನಾಲ್ಕರಲ್ಲಿ ಚುನಾವಣೆ ಬಂತು. ಚುನಾವಣೆಯೆಂದರೆ ಊರಿನ ಕೋವಿಗಳೆಲ್ಲ ಠಾಣೆಯಲ್ಲಿ ಜಮಾ ಆಗಬೇಕು. ಕೊಡುವ ಹಿಂದಿನ ದಿನ ಒರೆಸಿ ಕಟ್ಟಲೆಂದು ನಾಗೇಶ ಚಾಪೆ ಹಾಸಿದ್ದ. ನಾನೂ ಹೋಗಿದ್ದೆ. ಒಳಗೆ ಫೋನು ಬಡಿದುಕೊಂಡಿತು. ಅವನು ಎದ್ದು ಹೋದ.

ನಾನು ಜೋಡಿ ನಳಿಗೆಯದನ್ನು ಎತ್ತಿಕೊಂಡೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಭಾರವೆಲ್ಲ ಎರಡು ಕೈಗಳ ನಡುವೆ ತಾನಾಗಿ ಬಂದು ನಿಂತಿತು. ಕೀಲು ತಳ್ಳಿದೆ, ತೆರೆಯಿತು. ಒಳಗೆ ಕಾಡತೂಸು ಇಲ್ಲ. ಮುಚ್ಚಿ, ಹಿಡಿಯ ಮರಕ್ಕೆ ಕೆನ್ನೆ ಒತ್ತಿದೆ. ಮರ ಬಿಸಿಲಿಗೆ ಬೆಚ್ಚಗಿತ್ತು. ಒಳಗಿನಿಂದ ನಾಗೇಶ ಯಾರೊಂದಿಗೋ ಗಟ್ಟಿಯಾಗಿ ನಗುವುದು ಕೇಳಿಸಿತು. ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇದ್ದಂತೆ ಬರೆಯುತ್ತೇನೆ. ನನ್ನದಾಗದ ಮೇಲೆ ಇದು ಅವನದ್ದೂ ಆಗದಿರಲಿ. ಅಷ್ಟೇ. ತುಟಿ ಅಲ್ಲಾಡಿಸಲಿಲ್ಲ. ಕೋವಿಯನ್ನು ಇದ್ದಲ್ಲೇ ಇಟ್ಟು, ಕೇಪಿನ ಕೋವಿ ಒರೆಸುತ್ತ ಕೂತೆ.

ನಾಗೇಶ ಬಂದು ಜೋಡಿ ನಳಿಗೆಯದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಒತ್ತಿದ. ಕೀಲು ಅಲ್ಲಾಡಲಿಲ್ಲ. ಮತ್ತೆ ಒತ್ತಿದ. ಬೆರಳು ಬೆಳ್ಳಗಾಯಿತು.

"ಎಂತ ಮಾರಾಯ, ಬರ್ತಾನೇ ಇಲ್ಲ! ನೋಡು ಸ್ವಲ್ಪ" ಎಂದು ನನಗೇ ಕೊಟ್ಟ. ನಾನು ಮುಟ್ಟಿದೆ, ಬೆಣ್ಣೆಯ ಹಾಗೆ ತೆರೆಯಿತು. ಅವನು ನಕ್ಕು ಇಸಿದುಕೊಂಡ, ಮುಚ್ಚಿದ, ಒತ್ತಿದ. ಇಲ್ಲ. ಮೂರು ನಾಲ್ಕು ಸಲ ಹೀಗೇ ಆಯಿತು. "ಎಣ್ಣೆ ಗಟ್ಟಿಯಾಗಿರ್ಬೇಕು" ಎಂದೆ. ಆ ಬಿಸಿಲಿನಲ್ಲಿ ಎಣ್ಣೆ ಗಟ್ಟಿಯಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನ ಠಾಣೆಗೆ ಅವನ ಜೊತೆ ಹೋದೆ. ಗೋಣಿಚೀಲದಲ್ಲಿ ಸುತ್ತಿದ ಕೋವಿಗಳನ್ನು ಹಿಡಿದು ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿದ್ದರು. ಮೇಜಿನ ಮುಂದೆ ಪ್ರತಿಯೊಬ್ಬರೂ ಕೋವಿ ತೆರೆದು ಖಾಲಿಯೆಂದು ತೋರಿಸಬೇಕು. ನಾಗೇಶನ ಸರದಿ ಬಂತು. ಒತ್ತಿದ, ತಿರುಚಿದ, ಮೊಣಕಾಲಿಗೆ ಆನಿಸಿ ಒತ್ತಿದ. ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಯಾರ ಕೋವಿ ತಗಂಡ್ ಬಂದ್ಯಾ ನಾಗೇಶ?" ಎಂದರು. ಸಾಲು ಪೂರ್ತಿ ನಕ್ಕಿತು. ಪೇದೆ ಅದನ್ನು ತೆಗೆದುಕೊಂಡು ಒಂದೇ ಬೆರಳಿನಲ್ಲಿ ತೆರೆದು, ಚೀಟಿ ಕಟ್ಟಿ, ಒಳಗಿಟ್ಟ. ನಾಗೇಶನ ಕಿವಿ ಕೆಂಪಾಗಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳಿ ಏನು ಪ್ರಯೋಜನ?

ಚುನಾವಣೆ ಮುಗಿದು ಕೋವಿಗಳು ಮನೆಗೆ ಬಂದವು. ಅದು ಅವನೊಬ್ಬನ ಕೈಗೆ ಮಾತ್ರ ತೆರೆಯಲಿಲ್ಲ. ಹೆಂಡತಿ ಸುಮಿತ್ರಾ ಮುಟ್ಟಿದರೂ ತೆರೆಯಿತು. ಕಡೆಗೆ ನಾಗೇಶನೇ, "ನಿನ್ನ ಸಾಮಾನು ತಗಂಡ್ ಬಾ ಮಾರಾಯ, ಬಿಚ್ಚಿ ನೋಡು" ಎಂದ. ನನಗೆ ಬೇಕಾದದ್ದು ಹಾಗೆ ಸಿಕ್ಕಿತು. ಅವನ ಚಾಪೆಯ ಮೇಲೆ, ಅವನ ಜಾಗದಲ್ಲಿ ನಾನು ಕೂತು ಕೋವಿ ಬಿಚ್ಚುತ್ತಿದ್ದೆ. ಒಳಗೆ ತುಕ್ಕಿಲ್ಲ, ಸವೆತವಿಲ್ಲ, ಸ್ಪ್ರಿಂಗು ಹೊಸದರಂತಿತ್ತು. ಅರ್ಧ ಗಂಟೆಯ ಕೆಲಸವನ್ನು ಐದು ಭಾನುವಾರ ಎಳೆದೆ. ನಾಗೇಶ ಎಣ್ಣೆಯ ಬಾಟಲಿ ಹಿಡಿದು ಎದುರಿಗೆ ಕೂತಿರುತ್ತಿದ್ದ. ಐದನೆಯ ವಾರ ತಲೆ ಎತ್ತಿ ನೋಡುತ್ತೇನೆ, ಅವನು ನನ್ನ ಕೈಗಳನ್ನೇ ನೋಡುತ್ತಿದ್ದ. ಆ ನೋಟದ ಪರಿಚಯ ನನಗೆ ಚೆನ್ನಾಗಿ ಇತ್ತು. ಇಷ್ಟು ವರ್ಷ ಅದು ನನ್ನದಾಗಿತ್ತು.

ಅಂದಿನಿಂದ ನನ್ನ ಸಂತೋಷ ಇಳಿಯಿತು. ನಾಗೇಶ ಉಳಿದೆರಡು ಕೋವಿಗಳನ್ನೂ ಮುಟ್ಟುವುದು ಬಿಟ್ಟ. ಒಂದು ದಿನ ಸುಮಿತ್ರಾ, "ಇವ್ರು ಸರಿಯಾಗಿ ಊಟಾನೂ ಮಾಡ್ತಿಲ್ಲ. ದೊಡ್ಡಪ್ಪಂಗೆ ತನ್ಮೇಲೆ ಸಿಟ್ಟು ಬಂದಿದೆ ಅಂತಾರೆ" ಎನ್ನುತ್ತ ಕೋವಿಗೆ ಉಪ್ಪು, ಒಣಮೆಣಸು ನಿವಾಳಿಸಿದರು. ಊರವರ ಕಣ್ಣು, ನೆಂಟರ ಕಣ್ಣು, ಹೋದವರ ಬಂದವರ ಕಣ್ಣು ಎಂದು ಹೇಳಿ ಕೆಂಡಕ್ಕೆ ಹಾಕಿದರು. ಹಿಡಿ ಮೆಣಸು ಸುಟ್ಟು ಕರಿಯಾಯಿತು. ಘಾಟು ಬರಲಿಲ್ಲ. ಒಬ್ಬರಿಗೂ ಒಂದು ಕೆಮ್ಮಿಲ್ಲ. "ಅಬ್ಬಾ, ಯಾರದ್ದೋ ಕಣ್ಣು ಜೋರೇ ಬಿದ್ದಿದೆ" ಎಂದರು ಅವರು. ನಾನು ಕಾಫಿಯ ಲೋಟದೊಳಗೆ ನೋಡುತ್ತ ಕೂತಿದ್ದೆ. ಮನಸ್ಸಿನಲ್ಲೇ, ಅಂದುಕೊಂಡದ್ದು ತಪ್ಪಾಯಿತು, ಅವನಿಗೇ ಇರಲಿ ಎಂದು ಹತ್ತು ಸಲ ಹೇಳಿದೆ. ಮರುವಾರವೂ ಕೀಲು ಹಾಗೇ ಇತ್ತು. ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತೋ, ಹೇಳುವ ಧೈರ್ಯ ಬರಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ನಾಗೇಶ ಅದನ್ನು ಕೊಟ್ಟುಬಿಡುವುದೆಂದು ತೀರ್ಮಾನಿಸಿದ. "ನನ್ನನ್ನು ಬೇಡ ಅಂತ ಹೇಳೋದನ್ನ ಮನೇಲಿ ಇಟ್ಕಂಡು ಎಂತ ಮಾಡ್ಲಿ?" ಎಂದ. ಪರವಾನಗಿಯ ಕೆಲಸಗಳೆಲ್ಲ ಮುಗಿದ ಮೇಲೆ ಶಿವಮೊಗ್ಗದ ಒಂದು ಕೋವಿ ಅಂಗಡಿಗೆ ಹೋದೆವು. ಮಧ್ಯಾಹ್ನದ ಹೊತ್ತು. ಅಂಗಡಿಯವರು ಮಾರಾಟದ ಕಾಗದ ಮುಂದಿಟ್ಟರು. ನಾಗೇಶ ರುಜು ಹಾಕಿ ಪೆನ್ನು ಕೆಳಗಿಟ್ಟ. ಅಲ್ಲಿಗೆ ಕೋವಿ ಅವನದಾಗಿ ಉಳಿಯಲಿಲ್ಲ. "ಒಂದ್ಸಲ ತೆರೆದು ತೋರಿಸಿ" ಎಂದು ಅವರು ಕೋವಿಯನ್ನು ಅವನತ್ತ ಸರಿಸಿದರು. ನಾನು ಕೈ ಚಾಚಿದೆ. ಅಷ್ಟರಲ್ಲಿ ಅವನ ಹೆಬ್ಬೆರಳು ಅಭ್ಯಾಸಬಲದಿಂದ ಕೀಲಿನ ಮೇಲೆ ಹೋಗಿತ್ತು.

ತೆರೆಯಿತು. ಸದ್ದೇ ಇಲ್ಲದೆ ತೆರೆಯಿತು.

ನಾಗೇಶ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ನಳಿಗೆಯೊಳಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಕನ್ನಡಿ ಎನ್ನಲಿಲ್ಲ. ಮುಚ್ಚಿದ, ತೆರೆದ, ಮುಚ್ಚಿದ. ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದು ಸಲ ಕೇಳಿದ್ರೆ ನಿನ್ನ ಕೈಗೆ ಕೊಡ್ತಿದ್ನಲ್ಲ ಮಾರಾಯ" ಎಂದ.

ಕೋವಿಯನ್ನು ಅಲ್ಲೇ ಬಿಟ್ಟು ವಾಪಸು ಬಸ್ಸು ಹತ್ತಿದೆವು. ನಾಗೇಶ ಈಗಲೂ ಕೊಪ್ಪಕ್ಕೆ ಬಂದರೆ ಅಂಗಡಿಗೆ ಬರುತ್ತಾನೆ, ಕುಶಲ ಕೇಳುತ್ತಾನೆ. ಭಾನುವಾರ ಬಾ ಎಂದು ಮಾತ್ರ ಕರೆದಿಲ್ಲ. ಕೀಲಿನ ವಿಷಯವನ್ನು ನಾನು ಎಷ್ಟೋ ರೀತಿಯಲ್ಲಿ ಯೋಚಿಸಿದ್ದೇನೆ. ಅವನ ಹೆಬ್ಬೆರಳಿನ ಕೋನ ಬೇರೆಯಿರಬಹುದು, ಮನಸ್ಸಿನ ಅಂಜಿಕೆಯಿಂದ ಬೆರಳಿನ ಬಲ ಹೋಗಿರಬಹುದು. ಹಾಗೆಂದು ನನಗೆ ನಾನೇ ಒಪ್ಪಿಸಿಕೊಳ್ಳಬಲ್ಲೆ. ಆದರೆ ಆ ದಿನ ಜಗಲಿಯ ಮೇಲೆ ನಾನೊಬ್ಬನೇ ಇದ್ದೆ. ಅವನು ಒಳಗೆ ಫೋನಿನಲ್ಲಿ ನಗುತ್ತಿದ್ದ. ಮನಸ್ಸಿನಲ್ಲಿ ಬಂದದ್ದನ್ನು ನಾನು ಈ ಕಾಗದದ ಹೊರತು ಇಂದಿನವರೆಗೂ ಯಾರಿಗೂ ಹೇಳಿಲ್ಲ.