ಲೆಕ್ಕ ಸರಿ ಇದ್ದ ದಿನ

ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವ ಕೊನೆಯ ವರ್ಷದ ಹುಡುಗಿಯೊಬ್ಬಳು ಮೊನ್ನೆ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು. ದಿನದ ವೇಳಾಪಟ್ಟಿ. ಕಂಪ್ಯೂಟರ್ ಗೇಮಿಗೆ ಮೂರು ಗಂಟೆ, ಕೀಬೋರ್ಡ್ ನುಡಿಸುವುದಕ್ಕೆ ಒಂದು, ಥ್ರೋಬಾಲಿಗೆ ಒಂದು. ಮುಂಬೈಯಲ್ಲಿ ಷೇರುಗಳ ಏರಿಳಿತಕ್ಕೆ ಗಣಿತದ ಸೂತ್ರ ಕಟ್ಟುವ ಕೆಲಸ ಹಿಡಿಯಬೇಕಲ್ಲ, ಆ ಓದಿಗೆ ಐದು. ಉಳಿದದ್ದು ಕಾಲೇಜು, ಊಟ, ನಿದ್ದೆ.

"ಎಲ್ಲಾ ಕೂಡಿದ್ರೆ ಕರೆಕ್ಟಾಗಿ ಇಪ್ಪತ್ನಾಲ್ಕು ಐತೆ ಮೇಡಂ. ಆದ್ರೂ ಮನೇಲಿ ಗೇಮ್ ಬಿಡು ಅಂತಾರೆ. ನೀವೇ ಹೇಳ್ರಿ."

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಗೇಮಿನ ಸಾಲು ಹೊಡೆದುಹಾಕುವುದು ಪಾಠ ಹೇಳುವವರಿಗೆ ಸುಲಭ. ಆದರೆ 'ಕರೆಕ್ಟಾಗಿ' ಎಂದಳಲ್ಲ, ಕೈ ಅಲ್ಲೇ ನಿಂತಿತು. ನಾನೂ ಒಮ್ಮೆ ಅಷ್ಟೇ ಹೆಮ್ಮೆಯಿಂದ ಆ ಮಾತು ಆಡಿದವಳು.

ನಮ್ಮದು ಮೊಳಕಾಲ್ಮೂರು ಕಡೆ, ಜಟಿಂಗ ರಾಮೇಶ್ವರ ಬೆಟ್ಟದ ಕೆಳಗಿನ ಕುರಿಗಾರರ ಹಟ್ಟಿ. ಅಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು; ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬಿ.ಎಸ್ಸಿ. ಮುಗಿದ ಆ ಬೇಸಿಗೆಯಲ್ಲಿ ಎಂ.ಎಸ್ಸಿ.ಗೆ ಕಳಿಸಬೇಕೋ ಬೇಡವೋ ಎಂಬುದು ಮನೆಯಲ್ಲಿ ತೀರ್ಮಾನವಾಗಿರಲಿಲ್ಲ. ನನ್ನ ಚೀಲದಲ್ಲಿ ಸದಾ ಮೂರು ಸಾಮಾನು: ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ, ಅಂಗೈಯಗಲದ ಬ್ರಿಕ್ ಗೇಮ್, ಬ್ರಹ್ಮಗಿರಿಯ ಅಶೋಕನ ಶಾಸನದ ಅಕ್ಷರಗಳನ್ನು, ಓದಲು ಬಾರದಿದ್ದರೂ, ನಕಲು ಮಾಡುತ್ತಿದ್ದ ನೋಟ್‌ಬುಕ್ಕು, ಸಂಭವನೀಯತೆಯ ದಪ್ಪ ಪುಸ್ತಕ. ಬರಬಹುದಾದ ನಷ್ಟವನ್ನು ಗಣಿತದಿಂದ ಅಳೆದು ಹೇಳುವ ಕೆಲಸವೊಂದಿದೆ ಎಂದು ಲೈಬ್ರರಿಯ ಪತ್ರಿಕೆಯಲ್ಲಿ ಓದಿ, ಅದೇ ನನ್ನ ಕೆಲಸವೆಂದು ನಿಶ್ಚಯಿಸಿಬಿಟ್ಟಿದ್ದೆ.

"ನಷ್ಟ ಆಗಾಕ್ ಮೊದ್ಲೇ ಗೊತ್ತಾಗುತ್ತಾ?" ಎಂದು ಅಪ್ಪ ಬೆರಗಾಗಿದ್ದ.

ಅವ್ವನಿಗೆ ಬೆರಗಿಲ್ಲ. "ಆಟ ಆಡ್ಕಂಡು, ಬಂಡೆ ಮ್ಯಾಲಿನ ಅಕ್ಷರ ಗೀಚ್ಕಂಡು, ಅದ್ರ ಮಧ್ಯೆ ಓದ್ತಾಳಂತೆ. ಒಂದ್ರ ಮ್ಯಾಲಾದ್ರೂ ಗ್ಯಾನ ಇದ್ರೆ ತಾನೆ?"

"ಮೂರನ್ನೂ ನಿಭಾಯಿಸ್ತೀನಿ" ಎಂದೆ.

ಅಪ್ಪನಿಗೆ ಜ್ವರ ಬಂದ ದಿನ ಅವ್ವ ಕೋಲು ನನ್ನ ಕೈಗೆ ಕೊಟ್ಟಳು. "ನಿಭಾಯಿಸು ನೋಡಾನ. ಆಮ್ಯಾಲೆ ಓದಿನ ಮಾತು."

ನಮ್ಮ ಮನೆಯಲ್ಲಿ ಕುರಿ ಎಣಿಸುತ್ತಿರಲಿಲ್ಲ. ಎಣಿಸಿದರೆ ಹಿಂಡು ಕರಗುತ್ತದೆಂಬ ಭಯ. ಅಪ್ಪ ಮುಖ ನೋಡಿಯೇ ಯಾವುದಿಲ್ಲವೆಂದು ಹೇಳುತ್ತಿದ್ದ. ನಾನು ಓದಿದವಳು, ಹೊರಡುವಾಗ ಎಣಿಸಿಕೊಂಡೆ. ನಲವತ್ತೆರಡು. ಬೆಟ್ಟದ ಓರೆಯಲ್ಲಿ ನೆರಳು ಹಿಡಿದು ಕೂತೆ. ಅಕ್ಷರ ಬರೆದೆ, ನಾಲ್ಕು ಲೆಕ್ಕ ಬಿಡಿಸಿದೆ, ಆಮೇಲೆ ಇಟ್ಟಿಗೆ ಆಟ. ಅಷ್ಟು ಚೆನ್ನಾಗಿ ನಾನು ಎಂದೂ ಆಡಿರಲಿಲ್ಲ. ಮಧ್ಯಾಹ್ನವೆಲ್ಲ ಒಂದು ಕುರಿ ಅರಚುತ್ತಿತ್ತು. ಕುರಿ ಅಂದಮೇಲೆ ಅರಚುತ್ತದೆ, ಅಲ್ಲವೇ?

ಹೊತ್ತಿಳಿಯುವಾಗ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದಾಗಿ ಎಣಿಸಿ ಒಳಗೆ ಬಿಟ್ಟೆ. ಅಪ್ಪ ಕಂಬಳಿ ಹೊದ್ದು ಹೊರಗೆ ಬಂದ.

"ನಲವತ್ತೆರಡು ಅಪ್ಪಾ. ಕರೆಕ್ಟಾಗಿ ಐತೆ."

ಅಪ್ಪ ಬೇಲಿ ಹಿಡಿದು ಹಿಂಡಿನ ಮೇಲೊಮ್ಮೆ ಕಣ್ಣಾಡಿಸಿದ. "ಮೋಟುಗಿವಿ ಮರಿ ಎಲ್ಲವ್ವಾ?"

"ಲೆಕ್ಕ ಸರಿ ಐತಲ್ಲ!"

"ಅಗಾ, ಆ ಮೂಲ್ಯಾಗಿರೋ ಮರಿ ನಮ್ದಲ್ಲ, ಆಚೆ ಹಟ್ಟೀದು. ನೀರಿನ ತಾವ ಸೇರ್ಕಂಡೈತೆ. ನಮ್ ಮರಿಯವ್ವ ಅರಚ್ತಾ ಐತೆ, ಕೇಳಿಸ್ತಾ ಇಲ್ವಾ?"

ಮೋಟುಗಿವಿಯ ತಾಯಿ ಬಾಗಿಲಿಗೆ ತಲೆ ಒತ್ತಿ ಅರಚುತ್ತಿತ್ತು. ಮಧ್ಯಾಹ್ನ ಕೇಳಿದ್ದು ಅದೇ ದನಿ.

ಅಪ್ಪ ಜ್ವರದಲ್ಲೇ ಕೋಲು ಊರಿಕೊಂಡು ಬೆಟ್ಟದ ಕಡೆ ನಡೆದ. ನಾನು ಹಿಂದೆ. ನಾನು ಕೂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ, ಎರಡು ಬಂಡೆಗಳ ಸಂದಿನಲ್ಲಿ ಮರಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಎತ್ತಿ ನನ್ನ ಕೈಗೆ ಕೊಟ್ಟ. ಸತ್ತಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಆ ಬಿಸುಪು ಏನು ಹೇಳುತ್ತಿದೆ ಎಂದು ತಿಳಿಯಲು ಪುಸ್ತಕ ಬೇಕಿರಲಿಲ್ಲ.

"ನಾನು ಓದಾಕೆ ಹೋಗಲ್ಲಪ್ಪ" ಎಂದೆ.

ಅಪ್ಪ ಮರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಂಬಳಿಯಲ್ಲಿ ಸುತ್ತಿದ. "ನಿನ್ ಕೈಗೆ ಇನ್ನ ಕುರಿ ಕೊಡಲ್ಲ. ಹೋಗಿ ಓದ್ಕ."

ಅದು ಅಪ್ಪಣೆಯೋ ಶಿಕ್ಷೆಯೋ ನಾನು ಕೇಳಲಿಲ್ಲ, ಅವನಿರುವವರೆಗೂ ಕೇಳಲಾಗಲಿಲ್ಲ. ಎಂ.ಎಸ್ಸಿ. ಮುಗಿಸಿದೆ. ನಷ್ಟ ಅಳೆಯುವ ಕೆಲಸಕ್ಕೆ ಎರಡು ಕಡೆ ಹೋಗಿ ಬಂದೆ, ಸಿಗಲಿಲ್ಲ. ಪಾಠ ಹೇಳುವ ಕೆಲಸ ಸಿಕ್ಕಿತು. ಬ್ರಿಕ್ ಗೇಮನ್ನು ನಾನು ಎಸೆಯಲಿಲ್ಲ. ತಪ್ಪು ಅದರದ್ದಾಗಿರಲಿಲ್ಲ.

ಹುಡುಗಿ ಇನ್ನೂ ನಿಂತೇ ಇದ್ದಳು. ಹಾಳೆಯನ್ನು ಮತ್ತೊಮ್ಮೆ ಕೂಡಿದೆ. ಇಪ್ಪತ್ನಾಲ್ಕು, ಸರಿಯಾಗಿಯೇ ಇತ್ತು.

"ಹೆಡ್‌ಫೋನ್ ಹಾಕ್ಕೊಂಡು ಆಡ್ತೀಯೇನು?"

"ಹೂಂ ಮೇಡಂ."

"ಆಗ ಮನೇಲಿ ಯಾರಾದ್ರೂ ಕೂಗಿದ್ರೆ ಕೇಳಿಸುತ್ತಾ?"

ಅವಳು ನಾಚಿ ನಕ್ಕಳು. "ಅವ್ವ ಕೂಗಿದ್ರೆ ಕೇಳ್ಸುತ್ತೆ ಮೇಡಂ. ಎರಡನೇ ಸಲಕ್ಕೆ."

ನನಗೆ ಕೇಳಿಸಲು ಒಂದು ಮಧ್ಯಾಹ್ನ ಪೂರ್ತಿ ಹಿಡಿದಿತ್ತು. ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಹಾಗೆಯೇ ಅವಳಿಗೆ ಹಿಂತಿರುಗಿಸಿದೆ.