ಗಿರಿಜಮ್ಮನ ಇಪ್ಪತ್ತೈದು ಮರಗಳು

ಆ ಉತ್ತರ ನನ್ನದಲ್ಲ. ಮೂರು ವರ್ಷ ನನ್ನ ಹೆಸರಿನಲ್ಲಿದ್ದ ಅದು ದಬ್ಬೇಘಟ್ಟದಲ್ಲಿ ಬಟ್ಟೆ ಹೊಲಿಯುವ ಗಿರಿಜಮ್ಮನದು. ನಾನು ಕದ್ದೆ — ಕದಿಯುವ ಮೊದಲು, ಅದು ತಪ್ಪೆಂದು ಅವರನ್ನು ನಂಬಿಸಿದೆ.

ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ಹೆಂಡತಿಯೂ ತೀರಿಕೊಂಡ ಮೇಲೆ, ನೊಣವಿನಕೆರೆಯ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದದ್ದು ಮೊಬೈಲು ಮಾತ್ರ. ಗಣಿತದ ರುಚಿ ಇರುವವರಿಗೆಂದು ಆನ್‌ಲೈನಿನಲ್ಲಿ ಒಂದು ಗುಂಪು ಕಟ್ಟಿದ್ದೆ. ಪ್ರತಿ ಭಾನುವಾರ ಒಂದು ಲೆಕ್ಕ ಹಾಕುತ್ತಿದ್ದೆ. ಸೋಮವಾರದಿಂದ ಉತ್ತರಗಳಿಗೆ ಕಾಯುವುದು — ಅದೇ ನನ್ನ ವಾರ.

ಒಂದು ಭಾನುವಾರ ಹೀಗೆ ಕೇಳಿದೆ: ಐದು ಸಾಲು, ಸಾಲಿಗೆ ಐದು ತೆಂಗಿನಮರ. ಮೂಲೆಯ ಪಕ್ಕದ ಮರದಿಂದ ಹೊರಟು, ಪ್ರತಿ ಸಲ ಪಕ್ಕದ ಮರಕ್ಕೆ ಮಾತ್ರ ಹೋಗುತ್ತಾ — ಓರೆಯಾಗಿ ಹೋಗುವಂತಿಲ್ಲ — ಎಲ್ಲ ಮರಗಳನ್ನೂ ಒಂದೊಂದೇ ಸಲ ಮುಟ್ಟಬಹುದೇ? ಆಗದೆಂದು ಗೊತ್ತಿತ್ತು. ಏಕೆ ಆಗದೆಂದು ತೋರಿಸಲು ಹನ್ನೊಂದು ಹಾಳೆ ತುಂಬಿಸಿದ್ದೆ, ಮುಗಿದಿರಲಿಲ್ಲ.

ಗಿರಿಜಮ್ಮ ನನಗೊಬ್ಬನಿಗೇ ಬರೆದರು: "ಸರ್, ಗುಂಪಲ್ಲಿ ಹಾಕಕ್ಕೆ ಅಂಜಿಕೆ. ನೀವೇ ನೋಡಿ ಯೋಳಿ. ಮೂಲೆ ಮರದಿಂದ ಒಂದು ಬುಟ್ಟು ಒಂದಕ್ಕೆ ಸುಣ್ಣ ಹೊಡೀರಿ. ಸುಣ್ಣದ್ದು ಹದಿಮೂರು, ಬರಿ ಮರ ಹನ್ನೆರಡು. ಬರಿ ಮರದ ಪಕ್ಕ ಯಾವಾಗ್ಲೂ ಸುಣ್ಣದ್ದೇ, ಸುಣ್ಣದ್ದರ ಪಕ್ಕ ಬರಿ ಮರಾನೇ. ನೀವು ಯೋಳಿದ ಮರ ಬರಿ ಮರ. ಅಲ್ಲಿಂದ ಹೊರಟು ಒಂದು ಬರಿ ಒಂದು ಸುಣ್ಣ ಅಂತ ಇಪ್ಪತ್ತೈದು ಮುಟ್ಟೋಕೆ ಬರಿ ಮರಾನೇ ಹದಿಮೂರು ಬೇಕಾಗ್ತದೆ. ಎಲ್ಲಿಂದ ತರೋದು?"

ಓದಿ ಎದ್ದು ನಿಂತೆ. ಸಂತೋಷ ಬರಬೇಕಿತ್ತು — ಬಂದದ್ದು ಬೇರೆಯೇ. ನಾನು ಬರೆದೆ: "ಇದು ಸುಣ್ಣ ಹೊಡೆಯುವ ಮಾತು, ಗಣಿತವಲ್ಲ. ಗುಂಪಿಗೆ ಹಾಕಬೇಡಿ."

ಮೂರು ದಿನ ಬಿಟ್ಟು, ಸುಣ್ಣದ ಮರ, ಬರಿ ಮರಗಳನ್ನು ಬಿಳಿ, ಕಪ್ಪು ಚೌಕಗಳೆಂದು ಬದಲಾಯಿಸಿ, ನನ್ನದೆಂದು ಗುಂಪಿಗೆ ಹಾಕಿದೆ. ಚಪ್ಪಾಳೆಯ ಚಿತ್ರಗಳು ಬಂದವು. ಬೇರೆ ಊರಿನ ಮೇಷ್ಟರೂ ಹೊಗಳಿದರು. ಸಂಜೆ ಗಿರಿಜಮ್ಮನ ಫೋನು.

"ಸರ್, ನಂದೂ ಇಂಗೇ ಇತ್ತಲ್ವಾ? ಸುಣ್ಣ ಅಂದಿದ್ದಕ್ಕೇ ತಪ್ಪಾಯ್ತಾ?"

"ಹೌದಮ್ಮ," ಎಂದೆ. "ಗಣಿತಕ್ಕೆ ಅದರದೇ ಭಾಷೆ ಇದೆ."

ಮರುದಿನ ಅವರು ಗುಂಪು ಬಿಟ್ಟರು.

ಹೋದ ತಿಂಗಳು ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಒಬ್ಬ ಹೆಂಗಸು ಬಂದು ಕೈಮುಗಿದರು. "ನಾನು ಗಿರಿಜ ಕಣ್ರೀ ಸರ್, ಸುಣ್ಣದ ಲೆಕ್ಕದೋಳು." ನಗುತ್ತಿದ್ದರು. "ಲೆಕ್ಕ ಬುಟ್ಬುಟ್ಟೆ. ನನ್ ತಲೆಗೆ ಹತ್ತಲ್ಲ ಅಂತ ನೀವೇ ತೋರಿಸ್ಕೊಟ್ರಲ್ಲ." ಆ ನಗುವಿನಲ್ಲಿ ಕಹಿ ಇರಲಿಲ್ಲ — ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರ ಬಸ್ಸು ಬಂತು. ಅವರ ಚೀಲ ಎತ್ತಿಕೊಟ್ಟು ಕಳಿಸಿದೆ.

ಮೊನ್ನೆ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಆಮೇಲೆ ಅವರಿಗೆ ಫೋನು ಮಾಡಿ, ಬರೆದದ್ದನ್ನೇ ಓದಿ ಹೇಳಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಂಗಾದ್ರೆ... ನಂದು ಸರಿ ಇತ್ತಾ ಸರ್?"

"ಸರಿ ಇತ್ತಮ್ಮ. ಮೊದಲ ದಿನದಿಂದಲೂ."

ಅವರು ಅಳಲಿಲ್ಲ, ಬಯ್ಯಲಿಲ್ಲ. "ಮೂರು ವರ್ಷ..." ಎಂದರು. ಫೋನು ಇಟ್ಟರು.

ಈ ಭಾನುವಾರ ನಾನು ಲೆಕ್ಕ ಹಾಕಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ.