ನಾನೇ ಹಾಕಿಕೊಂಡ ಟೈರು

ಹೋದ ತಿಂಗಳು ಮಗಳ ಸೈಕಲ್ಲಿಗೆಂದು ಹೊಸ ಟೈರು ತಂದು ನಡುಮನೆಯ ಮೂಲೆಗೆ ಒರಗಿಸಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ರಬ್ಬರಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನನಗೆ ನಂಜನಗೂಡಿನ ಸೈಕಲ್ ಶಾಪಿನಣ್ಣ ನೆನಪಾದ. ಕೈಯಲ್ಲಿದ್ದ ಕಾಫಿ ಹಾಗೇ ಆರಿಹೋಯಿತು...

ತೊಂಬತ್ತರ ದಶಕದ ಕೊನೆಯ ಮಾತು. ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ ಸೇರಿದ ವರ್ಷವೇ ನಾನು ಮೌಂಟೇನ್ ಬೈಕು ಕೊಂಡಿದ್ದೆ. ದಪ್ಪ ಟೈರು, ಮೈತುಂಬ ಗಂಟುಗಂಟು. ನೋಡುವುದಕ್ಕೆ ಗತ್ತು, ಆದರೆ ಟಾರು ರಸ್ತೆಯಲ್ಲಿ ತುಳಿದರೆ ಗುಂಯ್ ಎನ್ನುತ್ತಾ ತೊಡೆಯ ಶಕ್ತಿಯನ್ನೆಲ್ಲ ಹೀರಿಬಿಡುತ್ತಿತ್ತು. ಅಷ್ಟರಲ್ಲಿ ಸೋಸಲೆಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಭಾನುವಾರ ನರಸೀಪುರ ದಾಟಿ ಸೋಸಲೆಯವರೆಗೂ ಸೈಕಲ್ಲಿನಲ್ಲೇ ಹೋಗಿ ಭಾವೀ ಮಾವನ ಮನೆ ಮುಂದೆ ಇಳಿಯಬೇಕು ಎನ್ನುವುದು ನನ್ನ ಹುಚ್ಚು. ಅದಕ್ಕೆ ಹಗುರವಾಗಿ ಓಡುವ ರಸ್ತೆ ಟೈರು ಬೇಕಿತ್ತು.

ಶಾಪಿನಣ್ಣನಲ್ಲಿ ತೆಳ್ಳನೆಯ ಟೈರೊಂದು ತೂಗುತ್ತಿತ್ತು. ಮೇಲೆ ಇಪ್ಪತ್ತಾರು ಎಂದಿತ್ತು. ನನ್ನ ಚಕ್ರವೂ ಇಪ್ಪತ್ತಾರೇ. ಅದನ್ನೇ ಹಾಕು ಎಂದೆ. ಅವನು ನನ್ನ ರಿಮ್ಮಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ತಲೆಯಲ್ಲಾಡಿಸಿದ.

"ಇಪ್ಪತ್ತಾರು ಅಂತ ಬರ್ದಿರೋವೆಲ್ಲ ಒಂದೇ ಇಪ್ಪತ್ತಾರಲ್ಲ ಸಾ. ಇದು ನಿಮ್ ರಿಮ್ಮಿಗೆ ಸಡ್ಲ ಆಯ್ತದೆ. ಕುಂತಂಗೆ ಕಾಣ್ತದೆ, ತಿರುವಲ್ಲಿ ಎದ್ಬುಡ್ತದೆ. ನಾಕು ದಿನ ತಡೀರಿ, ಮೈಸೂರಿಂದ ನಿಮ್ದಕ್ಕೆ ಸರಿಯಾಗಿರೋ ರೋಡ್ ಟೈರೇ ತರುಸ್ತೀನಿ."

ಭಾನುವಾರಕ್ಕೆ ಇನ್ನು ಮೂರೇ ದಿನ ಇತ್ತು. ಮರುದಿನ ನಾನು ಮೈಸೂರಿಗೆ ಹೋಗಿ ಅಂಥದೇ ತೆಳ್ಳನೆಯ ಜೋಡಿ ತಂದು, ಹಿತ್ತಿಲಲ್ಲಿ ಕೂತು ನಾನೇ ಹಾಕಿಕೊಂಡೆ. ಸಲೀಸಾಗಿ ಕೂತಿತು. ಅಷ್ಟು ಸಲೀಸಾಗಿ ಕೂರಬಾರದೆಂದು ನನಗೆ ತಿಳಿಯಲಿಲ್ಲ. ಗಟ್ಟಿಯಾಗಿ ಗಾಳಿ ಹೊಡೆದು, ಶಾಪಿನಣ್ಣನಿಗೆ ಏನೂ ಗೊತ್ತಿಲ್ಲ ಎಂದು ಒಳಗೊಳಗೇ ನಕ್ಕಿದ್ದೂ ನೆನಪಿದೆ.

ನರಸೀಪುರ ಇನ್ನೇನು ಬಂತು ಎನ್ನುವಾಗ, ಒಂದು ತಿರುವಿನಲ್ಲಿ, ಮುಂದಿನ ಟೈರು ರಿಮ್ಮಿನಿಂದ ಎದ್ದಿತು. ಕಣ್ಣು ಬಿಟ್ಟಾಗ ನಾನು ರಸ್ತೆಯ ಮೇಲಿದ್ದೆ. ಭುಜದ ಮೂಳೆ ಮುರಿದಿತ್ತು. ನಾಲ್ಕು ಮಾರು ಹಿಂದೆ ಲಾರಿಯೊಂದು ಕಿರುಗುಟ್ಟಿ ನಿಂತಿತ್ತು.

ನಮ್ಮಪ್ಪ ಸ್ಕೂಲ್ ಮೇಷ್ಟ್ರು. ನನ್ನ ಸೈಕಲ್ಲು ಯಾವಾಗಲೂ ಹೋಗುವುದು ಶಾಪಿನಣ್ಣನಲ್ಲಿಗೇ ಎಂದು ಅವರಿಗೆ ಗೊತ್ತು. ಏನನ್ನೂ ಕೇಳದೆ, ಮೂರನೆಯ ದಿನ ಕೈಗೆ ಪಟ್ಟಿ ಕಟ್ಟಿದ್ದ ನನ್ನನ್ನೂ ಸೊಟ್ಟಗಾದ ಚಕ್ರವನ್ನೂ ಆಟೋದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದರು. ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದರು.

"ನಂಬಿ ಕೊಟ್ಟಿದ್ದಕ್ಕೆ ಒಳ್ಳೇ ಕೆಲಸ ಮಾಡಿದೆಯಪ್ಪಾ! ಲಾರಿಯವನು ಬ್ರೇಕ್ ಹಾಕದಿದ್ರೆ ನನ್ನ ಮಗ ಇರ್ತಿದ್ನಾ?"

ಅಣ್ಣ ಚಕ್ರ ಎತ್ತಿಕೊಂಡ. ಟೈರು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನ ಹಿಂದೆ, ಬೆಂಚಿನ ಮೇಲೆ, ಮೈಸೂರಿನಿಂದ ಬಂದಿದ್ದ ಜೋಡಿ ಟೈರು ಕಾಗದ ಸುತ್ತಿಕೊಂಡು ಕೂತಿದ್ದವು. ಕಾಗದದ ಮೇಲೆ ನನ್ನ ಹೆಸರಿತ್ತು.

"ತಪ್ಪಾಯ್ತು ಮೇಷ್ಟ್ರೇ," ಎಂದ ಅವನು. "ಮದ್ವೆ ಅತ್ರ ಬಂದದೆ. ಮೊದ್ಲು ಉಡುಗನ ಕೈ ನೋಡ್ಕಳಿ."

ಅಷ್ಟೇ. ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಮಾವನ ಮನೆಯವರಿಗೆ ನನ್ನ ಹುಂಬತನ ತಿಳಿಯುತ್ತದೆಂಬ ನಾಚಿಕೆ, ಬೀದಿಯಲ್ಲಿ ಅಪ್ಪನ ಮುಖ ಕೆಡುತ್ತದೆಂಬ ಭಯ... ಏನೇನೋ ಕಾರಣ ಹೇಳಿಕೊಂಡೆ.

ಮೇಷ್ಟ್ರು ಹೇಳಿದ ಮೇಲೆ ಊರು ನಂಬದಿರುತ್ತದೆಯೇ? ಮಕ್ಕಳ ಸೈಕಲ್ಲುಗಳು ಅವನ ಅಂಗಡಿಗೆ ಹೋಗುವುದು ಕಮ್ಮಿಯಾಯಿತು. ನಾನು ಬೇರೆ ಬೀದಿಯಲ್ಲಿ ಓಡಾಡತೊಡಗಿದೆ. ಮದುವೆಯಾಗಿ ಎರಡು ವರ್ಷಕ್ಕೆ ಅವನು ಬಾಗಿಲು ಹಾಕಿ ನರಸೀಪುರಕ್ಕೆ ಹೋದ. ಬಸ್ ನಿಲ್ದಾಣದ ಹತ್ತಿರ, ಮರದ ಕೆಳಗೆ, ಒಂದು ಪಂಪು, ಒಂದು ಬಕೆಟ್ಟು ನೀರು ಇಟ್ಟುಕೊಂಡು ಪಂಕ್ಚರ್ ಹಾಕುತ್ತಿದ್ದ. ಸೋಸಲೆಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ.

ಒಂದು ಸಲ ಬಸ್ಸು ಅವನೆದುರಿಗೇ ನಿಂತುಬಿಟ್ಟಿತು. ಎದ್ದು ಬಂದು ಕಿಟಕಿಯ ಕಂಬಿ ಹಿಡಿದುಕೊಂಡ. ಕೂದಲು ಪೂರಾ ಬೆಳ್ಳಗಾಗಿತ್ತು.

"ಕೈ ಸರೋಯ್ತಾ ಸಾ?"

"ಆಯ್ತಣ್ಣ," ಎಂದೆ.

"ಸದ್ಯ," ಎಂದ. ಬಸ್ಸು ಹೊರಟಿತು. ಇಳಿಯಬಹುದಿತ್ತು, ಇಳಿಯಲಿಲ್ಲ. ಮುಂದಿನ ಸಲ ಖಂಡಿತ ಹೇಳುತ್ತೇನೆ ಎಂದುಕೊಂಡೆ. ಹಬ್ಬ ಕಳೆದು ಮತ್ತೆ ಹೋದಾಗ ಮರದ ಕೆಳಗೆ ಎಳನೀರು ಮಾರುವವಳು ಕೂತಿದ್ದಳು. ಇಳಿದು ಅವನೆಲ್ಲಿ ಎಂದು ಕೇಳಿದೆ. "ಆವಯ್ಯ ತೀರೋಗ್ಬುಟ್ಟ ಕಣಪ್ಪ, ಎರಡು ತಿಂಗಳಾಯ್ತು," ಎಂದಳು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಹೋದ ತಿಂಗಳು ಮೂಲೆಯಲ್ಲಿದ್ದ ಮಗಳ ಟೈರು ನೋಡಿ, "ಯಾರ ಕೈಲಿ ಹಾಕಿಸ್ತೀಯೋ ನೋಡ್ಕೊ, ನಿನಗೆ ಹಾಕಿದ್ನಲ್ಲ ಆ ಕೇಡಿ, ಅಂಥೋರೂ ಇರ್ತಾರೆ," ಎಂದರು. ಇಷ್ಟು ವರ್ಷವೂ ಸುಮ್ಮನಿದ್ದವನು ಅವತ್ತು ಕೂತು ಎಲ್ಲವನ್ನೂ ಹೇಳಿದೆ. ಮೈಸೂರಿನಿಂದ ತಂದದ್ದು, ಹಿತ್ತಿಲಲ್ಲಿ ಹಾಕಿಕೊಂಡದ್ದು, ಬೆಂಚಿನ ಮೇಲಿದ್ದ ಜೋಡಿ, ಬಸ್ಸಿನ ಕಿಟಕಿ.

ಅಪ್ಪ ಬಯ್ಯಲಿಲ್ಲ. ಕನ್ನಡಕ ಒರೆಸಿದರು. ಆಮೇಲೆ ಎದ್ದು, ಗೂಟದಲ್ಲಿದ್ದ ಶರಟು ತೆಗೆದು ಹಾಕಿಕೊಳ್ಳತೊಡಗಿದರು.

"ಅವನ ಮನೆ ಎಲ್ಲಿತ್ತೋ? ಹೆಂಡತಿ ಮಕ್ಕಳು ಯಾರಾದ್ರೂ ಇದ್ದಾರೇನೋ..."

ನನಗೆ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲೇ ಇಲ್ಲ.